ತಂತ್ರಾಂಶದ ಜಾತ್ರೆಗೆ ಮೋಕದ ಸಿ.ಡಿ.

ಬಳ್ಳಾರಿಯಿಂದ ಉತ್ತರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು ಹೋದರೆ ಮೋಕ ಸಿಗುತ್ತದೆ. ಹಗರಿ ನದಿಯ ಆಸುಪಾಸಿನ ಎರೆಭೂಮಿ, ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳು, ಸಮೀಪದಲ್ಲೇ ಆಂಧ್ರದ ಗಡಿ. ಒಂದೇ ಚಹಾದಂಗಡಿಯಲ್ಲಿ ಕನ್ನಡ, ತೆಲುಗು ಎರಡೂ ಕೇಳಿಸುವ ಊರು. ಈ ಊರಿಗೂ ತಂತ್ರಾಂಶ ತಯಾರಿಸುವವರ ಸಮ್ಮೇಳನಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ, ಕೆಲವು ತಿಂಗಳ ಹಿಂದೆ ನನ್ನ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಒಂದು ಸಿ.ಡಿ.ಯಿಂದ. ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ ಹಿರಿಯ ಸಹೋದ್ಯೋಗಿ ಮೋಕದವರು. ನಾವೆಲ್ಲ ಅವರನ್ನು ಕರೆಯುವುದು ಅಣ್ಣ ಎಂದೇ. 2003ರಿಂದ 2006ರವರೆಗೆ, ರಜೆಯ ದಿನಗಳಲ್ಲಿ, ಅವರು ಊರಿನ ಹಿರಿಯರ ಬಳಿ ಕುಳಿತು ಹಳೆಯ ಸಂಗತಿಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ತುಂಗಭದ್ರಾ ಕಾಲುವೆ ಬರುವ ಮೊದಲು ಯಾವ ಹೊಲದಲ್ಲಿ ಏನು ಬಿತ್ತುತ್ತಿದ್ದರು, ಹಗರಿಗೆ ನೆರೆ ಬಂದಾಗ ಯಾವ ಓಣಿಗೆ ನೀರು ನುಗ್ಗಿತ್ತು, ಬಯಲಾಟದಲ್ಲಿ ಯಾರು ಯಾವ ಪಾತ್ರ ಕಟ್ಟುತ್ತಿದ್ದರು ಎಂಬಂಥ ಸಂಗತಿಗಳು. ಅವನ್ನೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಸಿ.ಡಿ.ಗೆ ಹಾಕಿಟ್ಟಿದ್ದರು. ಕೈಬರಹದ ಪುಸ್ತಕಗಳು ಒಂದು ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ನೆಂದು ಹೋದಾಗಲೂ ಅವರು ಚಿಂತಿಸಲಿಲ್ಲ. ಸಿ.ಡಿ. ಇತ್ತಲ್ಲ!

ಇತ್ತೀಚೆಗೆ ಒಬ್ಬ ಹಿರಿಯರ ಮೊಮ್ಮಗ ಬಂದು, ತಾತ ಹೇಳಿದ್ದನ್ನು ಓದಬೇಕು ಎಂದು ಕೇಳಿದ. ಸಿ.ಡಿ. ಓದುವ ಯಂತ್ರ ಹುಡುಕುವುದೇ ಒಂದು ಸಾಹಸವಾಯಿತು. ಕಡತ ತೆರೆದುಕೊಂಡಿತು. ಆದರೆ ತೆರೆಯ ಮೇಲೆ ಕನ್ನಡವಿರಲಿಲ್ಲ. ಇಂಗ್ಲಿಷಿನ ಬಿಡಿ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಚಿಹ್ನೆಗಳು. ಅಣ್ಣ ಬಹಳ ಹೊತ್ತು ಅದನ್ನೇ ನೋಡಿ, "ಇದು ನಾನಾ ಬರ್ದಿದ್ದು ತಮ್ಮಾ. ಆದ್ರ ನಂಗಾ ಓದಾಕ ಬರವಲ್ದು" ಎಂದರು. ಆ ಹಿರಿಯರಲ್ಲಿ ಬಹುತೇಕರು ಈಗಿಲ್ಲ. ಮತ್ತೆ ಕೇಳಿ ಬರೆದುಕೊಳ್ಳುವ ದಾರಿಯೂ ಇಲ್ಲ.

ಅದೇ ವಾರ ನನಗೆ ಬೆಂಗಳೂರಿನಲ್ಲಿ ಎರಡು ದಿನ ನಡೆಯುವ ಸ್ವತಂತ್ರ ತಂತ್ರಾಂಶ ಸಮ್ಮೇಳನದ ವರದಿಗೆ ಹೋಗುವ ಕೆಲಸ ಬಂದಿತ್ತು. ಅಣ್ಣ ಎರಡು ದಿನ ರಜೆ ಹಾಕಿದರು. ಸಿ.ಡಿ.ಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಇಬ್ಬರೂ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಸಮ್ಮೇಳನ ಯಾಕೆ ಬೇಕು?

ತಂತ್ರಾಂಶ ಎಂದರೆ ಕಂಪ್ಯೂಟರಿಗೆ ಹೇಳುವ ಕೆಲಸದ ಪಟ್ಟಿ. ಯಂತ್ರವನ್ನು ಕೈಯಿಂದ ಮುಟ್ಟಬಹುದು, ತಂತ್ರಾಂಶವನ್ನು ಮುಟ್ಟಲಾಗದು. ಅದನ್ನು ಬರೆಯುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅಂತರಜಾಲದ ಮೂಲಕ ಒಬ್ಬರಿಗೊಬ್ಬರು ಕಳಿಸಿಕೊಳ್ಳಬಹುದು. ಹೀಗಿರುವಾಗ ರೈಲು, ವಿಮಾನ ಹತ್ತಿ ಒಂದೇ ಸಭಾಂಗಣದಲ್ಲಿ ಸೇರುವ ಅಗತ್ಯವೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು 1968ಕ್ಕೆ ಹೋಗಬೇಕು. ಆ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಪರ್ವತದ ತಪ್ಪಲಿನ ಊರಿನಲ್ಲಿ, ನ್ಯಾಟೋ ಸಂಘಟನೆಯ ವಿಜ್ಞಾನ ಸಮಿತಿಯ ಆಶ್ರಯದಲ್ಲಿ ಸುಮಾರು 50 ಮಂದಿ ಸೇರಿದರು. ಆಗ ಕಂಪ್ಯೂಟರುಗಳು ವರ್ಷದಿಂದ ವರ್ಷಕ್ಕೆ ಬಲವಾಗುತ್ತಿದ್ದವು. ಅವುಗಳಿಗೆ ಬರೆಯುವ ತಂತ್ರಾಂಶ ಮಾತ್ರ ಹೇಳಿದ ಸಮಯಕ್ಕೆ ಮುಗಿಯುತ್ತಿರಲಿಲ್ಲ, ಅಂದಾಜಿನ ಖರ್ಚು ಮೀರುತ್ತಿತ್ತು, ಮುಗಿದ ಮೇಲೂ ತಪ್ಪುಗಳಿಂದ ತುಂಬಿರುತ್ತಿತ್ತು. ಸೇತುವೆ ಕಟ್ಟುವವರಿಗೆ ಇರುವಂಥ ಶಿಸ್ತು ತಂತ್ರಾಂಶ ಕಟ್ಟುವವರಿಗೂ ಬೇಕು ಎಂಬ ಮಾತು ಅಲ್ಲಿ ಗಟ್ಟಿಯಾಯಿತು. 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರು ಬಳಕೆಗೆ ಬಂದಿದ್ದು ಮುಖ್ಯವಾಗಿ ಆ ಸಭೆಯಿಂದ. ಇಂದು ನಮ್ಮ ಹಳ್ಳಿಹಳ್ಳಿಯ ಹುಡುಗರು ಹೇಳಿಕೊಳ್ಳುವ ಉದ್ಯೋಗಕ್ಕೆ ನಾಮಕರಣವಾಗಿದ್ದು ಒಂದು ಸಮ್ಮೇಳನದಲ್ಲಿ ಎನ್ನಬಹುದು.

ಅದೇ ವರ್ಷದ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ಇನ್ನೊಂದು ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್ ಸುಮಾರು ಒಂದೂವರೆ ತಾಸು ಒಂದು ಪ್ರಾತ್ಯಕ್ಷಿಕೆ ಕೊಟ್ಟರು. ಕೈಯಲ್ಲಿ ಹಿಡಿದು ಸರಿಸುವ ಮೌಸ್, ಒಂದು ಪದದ ಮೇಲೆ ಒತ್ತಿದರೆ ಇನ್ನೊಂದು ಪುಟ ತೆರೆಯುವ ವ್ಯವಸ್ಥೆ, ದೂರದಲ್ಲಿರುವವರೊಡನೆ ಮುಖ ನೋಡುತ್ತ ಒಂದೇ ಕಡತದಲ್ಲಿ ಕೆಲಸ ಮಾಡುವುದು, ಇವೆಲ್ಲವನ್ನೂ ಜನ ಅಂದು ಕಣ್ಣಾರೆ ಕಂಡರು. ಬರಹದಲ್ಲಿ ಓದಿದ್ದರೆ ಕಟ್ಟುಕಥೆ ಎನ್ನಿಸುತ್ತಿದ್ದ ಸಂಗತಿ, ಎದುರಿಗೆ ನಡೆದಾಗ ನಂಬಿಕೆಯಾಯಿತು. ಸಮ್ಮೇಳನದ ಮೊದಲ ಉಪಯೋಗ ಇದು.

ಎರಡನೆಯ ಉಪಯೋಗ ತಿಳಿಯಬೇಕಾದರೆ ಸ್ವತಂತ್ರ ತಂತ್ರಾಂಶ ಎಂದರೇನೆಂದು ತಿಳಿಯಬೇಕು. ಮಾರಾಟದ ತಂತ್ರಾಂಶದ ಒಳಗಿನ ಬರಹ ಸಾಮಾನ್ಯವಾಗಿ ಗುಟ್ಟು. ಬಳಸಬಹುದು, ಬಿಚ್ಚಿ ನೋಡುವಂತಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಇದಕ್ಕೆ ಎದುರಾಗಿ ಒಂದು ಚಳವಳಿ ಆರಂಭಿಸಿದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬೇಕು, ಒಳಗೇನಿದೆ ನೋಡಬೇಕು, ತಿದ್ದಬೇಕು, ತಿದ್ದಿದ್ದನ್ನು ಇತರರಿಗೆ ಹಂಚಬೇಕು ಎಂಬುದು ಅದರ ತತ್ವ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಹಾದಿಯಲ್ಲೇ ಬೆಳೆಯಿತು. ನಮ್ಮ ಕಡೆಯ ಒಕ್ಕಲುತನದಲ್ಲಿ ಇದಕ್ಕೊಂದು ಹೋಲಿಕೆ ಇದೆ: ಮುಯ್ಯಾಳು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಲೆಕ್ಕವಿಲ್ಲ, ಆದರೆ ಋಣದ ಲೆಕ್ಕವಿದೆ. ಈ ಲೆಕ್ಕ ನಡೆಯುವುದು ನಂಬಿಕೆಯ ಮೇಲೆ. ವರ್ಷಗಟ್ಟಲೆ ಬರೀ ಹೆಸರಿನಿಂದ ಪರಿಚಯವಿದ್ದವರು ಎದುರಾಬದುರು ಕೂತು ಊಟ ಮಾಡಿದಾಗ ಆ ನಂಬಿಕೆ ಗಟ್ಟಿಯಾಗುತ್ತದೆ.

ಬೆಂಗಳೂರಿನ ಜಾತ್ರೆಗಳು

ಕರ್ನಾಟಕಕ್ಕೆ ಈ ಬಗೆಯ ಕೂಟ ಹೊಸದಲ್ಲ. ರಾಜ್ಯ ಸರ್ಕಾರ 1997ರಲ್ಲಿ ಮಾಹಿತಿ ತಂತ್ರಜ್ಞಾನ ನೀತಿ ಪ್ರಕಟಿಸಿತು. ಮರುವರ್ಷ, 1998ರಲ್ಲಿ, 'ಬೆಂಗಳೂರು ಐಟಿ ಡಾಟ್ ಕಾಂ' ಎಂಬ ದೊಡ್ಡ ಮೇಳ ನಡೆಯಿತು. ಅದು ವ್ಯಾಪಾರದ ಜಾತ್ರೆ. ಕಂಪನಿಗಳು ಮಳಿಗೆ ಹಾಕುತ್ತವೆ, ಮಂತ್ರಿಗಳು ದೀಪ ಹಚ್ಚುತ್ತಾರೆ, ಒಪ್ಪಂದಗಳಿಗೆ ಸಹಿ ಬೀಳುತ್ತದೆ.

ಬರೆಯುವವರೇ ನಡೆಸುವ ಕೂಟದ ಪರಂಪರೆ ಬೇರೆ. 2001ರಲ್ಲಿ ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಆರಂಭಿಸಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂಬ ಹೆಸರು ಪಡೆದು, 2012ರವರೆಗೆ ನಡೆಯಿತು. ಅದರ ಮುಂದಾಳುಗಳಲ್ಲಿ ಅತುಲ್ ಚಿಟ್ನಿಸ್ ಪ್ರಮುಖರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸುವವರ 'ಪೈಕಾನ್ ಇಂಡಿಯಾ' 2009ರಲ್ಲಿ ಮೊದಲ ಬಾರಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇವುಗಳಲ್ಲಿ ವೇದಿಕೆಗಿಂತ ಪಡಸಾಲೆ ಮುಖ್ಯ.

ನಾವು ಹೋದ ಕೂಟವೂ ಇದೇ ಬಳ್ಳಿಯದು. ಅದರ ಕ್ರಮ ಹೀಗೆ. ತಿಂಗಳುಗಳ ಮೊದಲೇ ಆಸಕ್ತರಿಂದ ವಿಷಯಗಳನ್ನು ಆಹ್ವಾನಿಸುತ್ತಾರೆ. ಬಂದವುಗಳಲ್ಲಿ ಒಂದು ಸಮಿತಿ ಆರಿಸುತ್ತದೆ. ಮುಖ್ಯ ಭಾಷಣಗಳು ಅರ್ಧ ಗಂಟೆಯ ಆಚೀಚೆ. ಕೊನೆಯಲ್ಲಿ ತಲಾ ಐದೈದು ನಿಮಿಷದ ಮಿಂಚಿನ ಭಾಷಣಗಳು. ಗಂಟೆ ಬಾರಿಸಿದರೆ ವಾಕ್ಯ ಅರ್ಧಕ್ಕೇ ನಿಲ್ಲಬೇಕು, ಮುಂದಿನವರು ಸಿದ್ಧವಾಗಿರುತ್ತಾರೆ. ಒಂದು ಬದಿಯ ಕೋಣೆಗಳಲ್ಲಿ ಕೈಯಿಂದ ಮಾಡಿ ಕಲಿಯುವ ಕಮ್ಮಟಗಳು, ಹೊರಗೆ ಮೇಜುಗಳ ಸಾಲು. ಪ್ರತಿ ಮೇಜಿನ ಹಿಂದೆ ಒಂದು ತಂತ್ರಾಂಶ ಬಳಗ. ಮಡಿಲ ಕಂಪ್ಯೂಟರುಗಳ ಬೆನ್ನಿಗೆ ಅಂಟಿಸಿದ ಬಣ್ಣಬಣ್ಣದ ಚೀಟಿಗಳನ್ನು ನೋಡಿ ಅಣ್ಣ, "ನಮ್ಮ ಲಾರಿಗಳ ಹಿಂದ ಬರ್ಸಿರ್ತಾರಲ್ಲ, ಹಂಗ ಐತಿ" ಎಂದರು. ಹೋಲಿಕೆ ಸರಿಯಾಗಿಯೇ ಇತ್ತು. ಯಾರು ಯಾವ ಬಳಗದವರೆಂದು ದೂರದಿಂದಲೇ ತಿಳಿಯುತ್ತದೆ.

ವೇದಿಕೆಯ ಮಾತೆಲ್ಲ ಇಂಗ್ಲಿಷು. ಊಟದ ಸಾಲಿನಲ್ಲಿ ಮಾತ್ರ ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲವೂ. ಮೊದಲ ದಿನದ ಮಧ್ಯಾಹ್ನದವರೆಗೆ ಅಣ್ಣನಿಗೂ ನನಗೂ ಅರ್ಥವಾದದ್ದು ಕಡಿಮೆ. ಭಾರತೀಯ ಭಾಷೆಗಳ ಕೆಲಸ ಮಾಡುವವರ ಮೇಜು ಕಂಡದ್ದು ಊಟದ ನಂತರ. ಅಲ್ಲಿ ಕುಳಿತಿದ್ದ ಯುವಕನೊಬ್ಬ ಕನ್ನಡದಲ್ಲಿ ಮಾತಾಡಿಸಿದ. ಅಣ್ಣ ಟವೆಲು ಬಿಚ್ಚಿ ಸಿ.ಡಿ. ತೆಗೆದರು. ಸುತ್ತ ಇದ್ದವರೆಲ್ಲ ಯಾವುದೋ ಪ್ರಾಚೀನ ವಸ್ತುವನ್ನು ಕಂಡಂತೆ ಬಗ್ಗಿ ನೋಡಿದರು.

ವೇಷ ಹಾಕಿದ ಅಕ್ಷರ

ಆ ಯುವಕ ವಿವರಿಸಿದ್ದನ್ನು ಇಲ್ಲಿ ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಅಂಕಿ ಗೊತ್ತುಮಾಡಬೇಕು. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ 'ಆಸ್ಕಿ' ಎಂಬ ಪಟ್ಟಿ ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಕೊಟ್ಟಿತು. ಅದರಲ್ಲಿ 128 ಮನೆಗಳು. ಮುಂದೆ ಅದು 256 ಮನೆಗಳಿಗೆ ಹಿಗ್ಗಿದಾಗ ಉಳಿದ ಮನೆಗಳನ್ನು ಯುರೋಪಿನ ಭಾಷೆಗಳ ಗೆರೆ–ಚುಕ್ಕಿಯ ಅಕ್ಷರಗಳು ತುಂಬಿದವು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಆದರೆ ಕನ್ನಡದಲ್ಲಿ ಪತ್ರಿಕೆ, ಪುಸ್ತಕ, ಲಗ್ನಪತ್ರಿಕೆ ಅಚ್ಚಾಗಬೇಕಿತ್ತಲ್ಲ! ಹಾಗಾಗಿ 1980, 90ರ ದಶಕಗಳಲ್ಲಿ ತಂತ್ರಜ್ಞರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದರು. ಕಂಪ್ಯೂಟರ್ ತಾನು ಇಂಗ್ಲಿಷಿನ 'ಪಿ' ಬರೆಯುತ್ತಿದ್ದೇನೆ ಎಂದುಕೊಳ್ಳುತ್ತದೆ. ತೆರೆಯ ಮೇಲೆ ಕಾಣುವುದು ತಲೆಕಟ್ಟಿಲ್ಲದ 'ಕ'ಕಾರದ ಒಡಲು. ಈ ಚಿತ್ರಗಳ ಕಟ್ಟಿಗೇ ಫಾಂಟ್ ಎಂದು ಹೆಸರು. ಬಳ್ಳಾರಿಯವರಿಗೆ ಇದನ್ನು ವಿವರಿಸಲು ಬಯಲಾಟಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಭುಜಕೀರ್ತಿ, ಕಿರೀಟ ಇರುವ ತನಕ ಅವನು ದುರ್ಯೋಧನ. ಕಳಚಿದರೆ ನಮ್ಮ ಓಣಿಯ ಒಕ್ಕಲಿಗ. ಫಾಂಟ್ ಎಂಬುದು ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಎದ್ದು ನಿಲ್ಲುತ್ತದೆ.

ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಒಂದು ಜೋಡಣೆಯಲ್ಲಿ 'ಕನ್ನಡ' ಎಂಬ ಪದವನ್ನೇ ನೋಡಿ. ವೇಷ ಕಳಚಿದರೆ ಅದು ಏಳು ಚಿಹ್ನೆಗಳ ಸಾಲು: ದೊಡ್ಡ ಪಿ, ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯು, ಮತ್ತೊಮ್ಮೆ ಅದೇ ಎ. ಮೂರು ಬಾರಿ ಬಂದ ಆ ಎ ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ಜರ್ಮನ್ ಅಕ್ಷರ ನಮ್ಮ ನ ಒತ್ತು. ಅಚ್ಚಿನ ಮೊಳೆ ಜೋಡಿಸಿದಂತೆ ಒಡಲು, ತಲೆಕಟ್ಟು, ಒತ್ತು ಬೇರೆ ಬೇರೆ.

ಇದರಲ್ಲಿ ಇನ್ನೊಂದು ತೊಡಕಿತ್ತು. ಶ್ರೀಲಿಪಿ, ಪ್ರಕಾಶಕ, ಆಕೃತಿ ಮುಂತಾಗಿ ಆಗ ಹಲವು ತಂತ್ರಾಂಶಗಳಿದ್ದವು. ಎಲ್ಲರ ಮನೆಗಳ ಹಂಚಿಕೆಯೂ ಒಂದೇ ಆಗಿರಲಿಲ್ಲ. ಒಬ್ಬರ 'ಕ' ಇನ್ನೊಬ್ಬರಲ್ಲಿ ಮತ್ತೇನೋ. ಈ ಗೊಂದಲ ನಮ್ಮದಷ್ಟೇ ಅಲ್ಲ. ಜಪಾನಿನಲ್ಲಿ ಇಂಥ ಕೆಟ್ಟ ಅಕ್ಷರಗಳಿಗೆ 'ಮೊಜಿಬಾಕೆ' ಎಂಬ ಹೆಸರೇ ಇದೆ. ಮ್ಯಾನ್ಮಾರ್ ದೇಶ ತನ್ನ ಹಳೆಯ ಫಾಂಟ್ ಪದ್ಧತಿಯಿಂದ ಏಕರೂಪದ ಪಟ್ಟಿಗೆ ಅಧಿಕೃತವಾಗಿ ಬದಲಾದದ್ದು 2019ರ ಅಕ್ಟೋಬರ್ 1ರಂದು.

ಕೀಲಿಮಣೆಯ ಕಥೆ

ಕನ್ನಡದ ಮಟ್ಟಿಗೆ ಕೆಲವರು ಈ ಗೊಂದಲವನ್ನು ಮೊದಲೇ ಕಂಡಿದ್ದರು. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರು ಸಿಂಧೂ ಲಿಪಿಯ ಅಧ್ಯಯನದಿಂದ ಹಿಡಿದು ಅಚ್ಚುಕೂಟದ ಅಕ್ಷರ ಜೋಡಣೆಯವರೆಗೆ ಕೆಲಸ ಮಾಡಿದವರು. ಅವರು ರೂಪಿಸಿದ ಕೀಲಿಮಣೆಯಲ್ಲಿ ಬೆರಳಚ್ಚು ಯಂತ್ರದ ಚಿತ್ರಜೋಡಣೆಯನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. 'ಕೆ' ಒತ್ತಿದರೆ ಕ, 'ಎನ್' ಒತ್ತಿದರೆ ನ. ಒತ್ತಕ್ಷರಕ್ಕೆ ನಡುವೆ 'ಎಫ್' ಒತ್ತಿದರೆ ಸಾಕು. ತಾವು ಮಾಡಿದ 'ಸೇಡಿಯಾಪು' ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಮುಂದೆ ಈ ಜೋಡಣೆಯನ್ನೇ ರಾಜ್ಯ ಸರ್ಕಾರ ಅಧಿಕೃತ ಕೀಲಿಮಣೆಯಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ 'ನುಡಿ', 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ಕನ್ನಡವನ್ನು ಸಾಮಾನ್ಯರ ಕೈಗೆ ಕೊಟ್ಟವು. ನಮ್ಮ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ, ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ, 'ಕುವೆಂಪು' ಹೆಸರಿನ ಕನ್ನಡ ತಂತ್ರಾಂಶವನ್ನು ಹೊರತಂದಿತ್ತು.

ವೇಷದ ತೊಂದರೆಗೆ ಪರಿಹಾರ ಬಂದದ್ದು ಯೂನಿಕೋಡ್ ಎಂಬ ಪಟ್ಟಿಯಿಂದ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಉದ್ದನೆಯ ಓಣಿ; ಪ್ರತಿ ಅಕ್ಷರಕ್ಕೂ ಅದರದೇ ಮನೆಸಂಖ್ಯೆ. 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳು ದೊರೆತವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನ್ನಡವನ್ನು ಈ ರೀತಿಯಲ್ಲಿ ಗುರುತಿಸಿತು. ಅದರ ಕನ್ನಡ ಫಾಂಟಿಗೆ 'ತುಂಗಾ' ಎಂದು ನಮ್ಮ ನದಿಯ ಹೆಸರು. ಆದರೂ ಅಚ್ಚುಕೂಟಗಳು, ಕಚೇರಿಗಳು ಹಳೆಯ ಪದ್ಧತಿ ಬಿಡಲು ಬಹಳ ವರ್ಷ ಹಿಡಿಯಿತು. ಅಣ್ಣ ಬರೆದದ್ದು ಆ ಸಂಧಿಕಾಲದಲ್ಲಿ.

ಗಡಿಯ ಮನೆ, ತಪ್ಪಿದ ಹೆಸರು

ಯೂನಿಕೋಡ್ ಓಣಿಯಲ್ಲಿ ಕನ್ನಡದ ನೆರೆಮನೆ ಯಾವುದು ಗೊತ್ತೆ? ತೆಲುಗು. ತೆಲುಗಿನ 128 ಮನೆ ಮುಗಿದೊಡನೆ ಕನ್ನಡದ 128 ಮನೆ ಶುರು. ಎರಡರಲ್ಲೂ ಅಕ್ಷರಗಳು ಕುಳಿತ ಕ್ರಮ ಒಂದೇ, ಏಕೆಂದರೆ ಭಾರತದ ಲಿಪಿಗಳಿಗಾಗಿ ಮೊದಲು ನಮ್ಮಲ್ಲೇ ರೂಪುಗೊಂಡಿದ್ದ 'ಇಸ್ಕಿ' ಎಂಬ ಪಟ್ಟಿಯ ಕ್ರಮವನ್ನು ಅದು ಅನುಸರಿಸಿತು. 'ಮೋಕ' ಎಂದು ಬರೆದರೆ ಕಂಪ್ಯೂಟರಿಗೆ ಕಾಣುವುದು 3246, 3275, 3221 ಎಂಬ ಮೂರು ಅಂಕಿಗಳು. ಪ್ರತಿಯೊಂದರಲ್ಲೂ 128 ಕಳೆದರೆ 3118, 3147, 3093. ಅಷ್ಟೇ, ಅದು ತೆಲುಗಿನ ಮೋಕ! ಅಣ್ಣ ಇದನ್ನು ಕೇಳಿ ನಕ್ಕುಬಿಟ್ಟರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದಾಗ ನೆಂಟರ ನಡುವೆ ಗೆರೆ ಬಿದ್ದದ್ದು ಅವರ ಟಿಪ್ಪಣಿಗಳಲ್ಲೂ ಇದೆ. ಅಂಕಿಯ ಲೋಕದಲ್ಲಿ ಮಾತ್ರ ಆ ಗಡಿ ದಾಟಲು ಒಂದು ಕಳೆಯುವ ಲೆಕ್ಕ ಸಾಕು.

ಆದರೆ ಇದೇ ಪಟ್ಟಿಯಲ್ಲಿ ಕನ್ನಡಿಗರು ತಿಳಿಯಬೇಕಾದ ಒಂದು ತಪ್ಪೂ ಇದೆ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತು. ಪಂಪ, ರನ್ನರ ಕಾಲದಲ್ಲಿ ಬಳಕೆಯಲ್ಲಿದ್ದು, ಕಾಲಕ್ರಮದಲ್ಲಿ 'ಳ'ಕಾರದೊಳಗೆ, ಕೆಲವು ಕಡೆ 'ರ'ಕಾರದೊಳಗೆ ಕರಗಿಹೋಯಿತು. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಮನೆಯೇನೋ ಸಿಕ್ಕಿತು, ಆದರೆ ಬಾಗಿಲ ಮೇಲಿನ ಹೆಸರು ತಪ್ಪಾಯಿತು. ಇಂಗ್ಲಿಷಿನ 'ಎಫ್' ಧ್ವನಿಯ ಅಕ್ಷರ ಎಂಬ ಅರ್ಥ ಬರುವಂತೆ 'ಕನ್ನಡದ ಫ' ಎಂದು ನಮೂದಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮ. ಬದಲಿಸಿದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಆದ್ದರಿಂದ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ತಿದ್ದುಪಡಿಯೆಂದು ಸೇರಿಸಿದ್ದಾರೆ. ಮೂಲದ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

ಇಂಥ ಪಟ್ಟಿಗಳು ತಯಾರಾಗುವಾಗ ಆ ಭಾಷೆ ಬಲ್ಲವರು ಹತ್ತಿರ ಇಲ್ಲದಿದ್ದರೆ ಆಗುವುದು ಹೀಗೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಶಾಸನಗಳಲ್ಲೂ ಹಳೆಯ ಬರಹಗಳಲ್ಲೂ ಪದದ ಕೊನೆಯ ನ್ ಬರೆಯಲು 'ನಕಾರ ಪೊಲ್ಲು' ಎಂಬ ಪ್ರತ್ಯೇಕ ರೂಪವಿತ್ತು. ಆಸಕ್ತರು ಪುರಾವೆ ಸಮೇತ ಮನವಿ ಬರೆದುಕೊಂಡಿದ್ದರಿಂದ 2021ರಲ್ಲಿ ಅದಕ್ಕೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿತು. ಕೇಳುವವರಿದ್ದರೆ ಮನೆ ಸಿಗುತ್ತದೆ. ಇಲ್ಲದಿದ್ದರೆ ಬೇರೆಯವರು ಇಟ್ಟ ಹೆಸರಿನಲ್ಲಿ ಬಾಳಬೇಕು.

ಪರಿವರ್ತಕದ ಕೆಲಸ

ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಕನ್ನಡದಲ್ಲಿ ಇವೆ. ಅವುಗಳಲ್ಲಿ ಕೆಲವು ಸ್ವತಂತ್ರ ತಂತ್ರಾಂಶಗಳು. ಯಾರು ಬೇಕಾದರೂ ಬಳಸಬಹುದು. ಕೆಲಸ ಸುಲಭವೆಂದು ತೋರುತ್ತದೆ: ಪಿ ಇದ್ದಲ್ಲಿ ಕ ಹಾಕು, ಪೌಂಡ್ ಇದ್ದಲ್ಲಿ ನ ಹಾಕು. ಹಾಗಲ್ಲ. ಹಳೆಯ ಪದ್ಧತಿ ಕಣ್ಣಿಗೆ ಕಂಡ ಕ್ರಮದಲ್ಲಿ ಬರೆಯುತ್ತದೆ, ಯೂನಿಕೋಡ್ ಬಾಯಿ ಉಚ್ಚರಿಸುವ ಕ್ರಮದಲ್ಲಿ. 'ಸೂರ್ಯ' ಎನ್ನುವಾಗ ನಾವು ಮೊದಲು ರ್ ಹೇಳಿ ಆಮೇಲೆ ಯ ಹೇಳುತ್ತೇವೆ. ಬರೆಯುವಾಗ ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಹಿಡಿದು ಹಿಂದಕ್ಕೆ ಒಯ್ದು ಕೂರಿಸಬೇಕು. 'ಅನ್ನಿ' ಎಂಬಲ್ಲಿ ಹಳೆಯದು ನಿ ಬರೆದು ಒತ್ತು ಹಾಕುತ್ತದೆ. ಹೊಸದರಲ್ಲಿ ಗುಡಿಸು ಒತ್ತಿನ ಆಚೆಗೆ ಹೋಗಬೇಕು. ಕನ್ನಡದ ವ್ಯಾಕರಣ ತಿಳಿಯದ ತಂತ್ರಜ್ಞ ಇದನ್ನು ಬರೆಯಲಾರ, ತಂತ್ರ ತಿಳಿಯದ ವೈಯಾಕರಣನೂ ಬರೆಯಲಾರ. ಇಬ್ಬರೂ ಒಂದೇ ಮೇಜಿಗೆ ಕೂರಬೇಕು.

ಯುವಕ ಮೊದಲು ಕೇಳಿದ್ದು, "ಯಾವ ಫಾಂಟು ಸರ್?" ಎಂದು. ಅದು ಗೊತ್ತಿಲ್ಲದಿದ್ದರೆ ಊಹಿಸುತ್ತ ಕೂರಬೇಕಾಗುತ್ತಿತ್ತು. ಅಣ್ಣ ಸಿ.ಡಿ.ಯ ಹೊದಿಕೆ ತಿರುಗಿಸಿದರು. ಇಪ್ಪತ್ತು ವರ್ಷದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದ ಫಾಂಟಿನ ಹೆಸರು ಇನ್ನೂ ಅಳಿಸಿರಲಿಲ್ಲ. ಪುಟ ಕಟ್ಟುವವರ ಅಭ್ಯಾಸ ಅದು.

ಒಟ್ಟು 38 ಕಡತಗಳಿದ್ದವು. ಮೂರು ತೆರೆಯಲೇ ಇಲ್ಲ, ಸಿ.ಡಿ.ಯ ಅಂಚಿನಲ್ಲಿ ಗೀರು ಬಿದ್ದಿತ್ತು. ಉಳಿದ 35ನ್ನು ಪರಿವರ್ತಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ತೆರೆಯ ಮೇಲೆ ಸಾಲುಸಾಲಾಗಿ ಕನ್ನಡ ಬಂತು. ಅಣ್ಣ ಕನ್ನಡಕ ಹಾಕಿಕೊಂಡು ಓದತೊಡಗಿದರು. ಸಮ್ಮೇಳನದ ಗದ್ದಲದ ನಡುವೆ, ನವಣೆ ಬಿತ್ತುತ್ತಿದ್ದ ಹೊಲಗಳ ಹೆಸರು, ನೆರೆ ಬಂದ ರಾತ್ರಿ ದನ ಬಿಚ್ಚಿದವರ ಹೆಸರು. ಸ್ವಲ್ಪ ಹೊತ್ತಿಗೆ ಅವರು ಓದು ನಿಲ್ಲಿಸಿ, ತೆರೆಯದ ಮೂರು ಕಡತಗಳು ಯಾರವೆಂದು ಬೆರಳು ಮಡಿಚಿ ಲೆಕ್ಕ ಹಾಕಿದರು. ಅವುಗಳಲ್ಲಿ ಒಂದು, ನಮ್ಮ ಬಳಿ ಬಂದಿದ್ದ ಮೊಮ್ಮಗನ ತಾತನದು.

ಕೆಟ್ಟದ್ದನ್ನು ಹೇಳುವುದೂ ಒಂದು ಕೆಲಸ

ಬಂದ 35ರಲ್ಲೂ ತಪ್ಪುಗಳಿದ್ದವು. ಶೀರ್ಷಿಕೆಗಳನ್ನು ಅಣ್ಣ ಬೇರೊಂದು ಫಾಂಟಿನಲ್ಲಿ ಹಾಕಿದ್ದರು. ಅವು ಇನ್ನಷ್ಟು ಕೆಟ್ಟವು. ನಡುವೆ ಬರೆದ ಇಂಗ್ಲಿಷ್ ಪದಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿತ್ತು. ಕೆಲವು ಅಪರೂಪದ ಒತ್ತುಗಳು ಬಿಟ್ಟುಹೋಗಿದ್ದವು. ಅಣ್ಣ ಮರುದಿನ ಬೆಳಿಗ್ಗೆಯಿಂದ ಒಂದು ಮೂಲೆ ಹಿಡಿದು, ಕಾಗದದ ಮೇಲೆ ಎರಡು ಸಾಲು ಎಳೆದು, ಎಡಕ್ಕೆ ಬಂದದ್ದು, ಬಲಕ್ಕೆ ಬರಬೇಕಾದದ್ದು ಎಂದು ಪಟ್ಟಿ ಮಾಡಿದರು. ಮೂವತ್ತು ವರ್ಷ ಕರಡು ತಿದ್ದಿದ ಕಣ್ಣು ಅದು.

ಆ ಪಟ್ಟಿ ಕಂಡ ಯುವಕನಿಗೆ ನಮಗಿಂತ ಹೆಚ್ಚು ಸಂತೋಷವಾಯಿತು. ತಂತ್ರಾಂಶದವರ ಭಾಷೆಯಲ್ಲಿ ಇದಕ್ಕೆ ದೋಷವರದಿ ಎನ್ನುತ್ತಾರೆ. ಎಲ್ಲಿ ಕೆಡುತ್ತದೆಂದು ಕರಾರುವಾಕ್ಕಾಗಿ ಹೇಳುವವರು ಸಿಗುವುದು ಕಷ್ಟ. ಹೇಳಿದರೆ ಸರಿಪಡಿಸುವುದು ಅಷ್ಟು ಕಷ್ಟವಲ್ಲ. ಆ ಪಟ್ಟಿಯಲ್ಲಿದ್ದ ಒತ್ತುಗಳ ಪೈಕಿ ಕೆಲವನ್ನು ಅಲ್ಲೇ, ಊಟದ ವಿರಾಮದಲ್ಲಿ, ಆತ ಸರಿಪಡಿಸಿದ. ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದ ಮೋಕದ ಮನುಷ್ಯನೊಬ್ಬರು ತಂತ್ರಾಂಶ ಕಟ್ಟುವುದರಲ್ಲಿ ಪಾಲುದಾರರಾದರು. ಮುಯ್ಯಿ ತೀರಿತು.

ಸ್ವತಂತ್ರ ತಂತ್ರಾಂಶದ ಬಹುಭಾಗ ಕೆಲಸ ನಡೆಯುವುದು ಹೀಗೆಯೇ. ಬರೆಯುವವರ ಜತೆಗೆ ಪರೀಕ್ಷಿಸುವವರು, ಅನುವಾದಿಸುವವರು, ತಪ್ಪು ಹೇಳುವವರು ಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾ, 'ಗುಬ್ಬಿ', 'ನವಿಲು' ಎಂಬ ಮುಕ್ತ ಫಾಂಟುಗಳು, ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿದ 'ವಚನ ಸಂಚಯ', ಇವೆಲ್ಲ ಸಂಬಳವಿಲ್ಲದ ಇಂಥ ಕೈಗಳಿಂದ ಬೆಳೆದವು. ಹುಡುಕಲು ಬರುವುದೂ ಯೂನಿಕೋಡಿನ ದೊಡ್ಡ ಲಾಭ. ವೇಷದ ಕನ್ನಡದಲ್ಲಿ 'ಹಗರಿ' ಎಂದು ಹುಡುಕಿದರೆ ಏನೂ ಸಿಗದು.

ಓದುಗರ ಮನೆಗಳಲ್ಲೂ ಇಂಥ ಕಡತಗಳು ಇರಬಹುದು. ಅಪ್ಪ ಬರೆದ ಆತ್ಮಕಥೆ, ಊರಿನ ಜಾತ್ರೆಯ ಸ್ಮರಣ ಸಂಚಿಕೆ, ಮಹಿಳಾ ಸಂಘದ ಹಾಡುಗಳ ಸಂಗ್ರಹ. ಮಾಡಬೇಕಾದದ್ದು ಇಷ್ಟು: ಸಿ.ಡಿ., ಫ್ಲಾಪಿಗಳಲ್ಲಿ ಇರುವುದನ್ನು ತಡಮಾಡದೆ ಬೇರೆಡೆಗೆ ನಕಲು ಮಾಡಿ. ಮೂಲ ಕಡತವನ್ನು ಹಾಗೆಯೇ ಇಟ್ಟು ನಕಲನ್ನು ಮಾತ್ರ ಪರಿವರ್ತಿಸಿ. ಯಾವ ಫಾಂಟಿನಲ್ಲಿ ಬರೆದದ್ದೆಂಬುದನ್ನು ಜತೆಗೇ ಬರೆದಿಡಿ. ಬಂದದ್ದನ್ನು ಬಲ್ಲವರೊಬ್ಬರು ಕೂತು ಓದಲಿ. ಸಾಧ್ಯವಿದ್ದರೆ ಕಾಗದದ ಮೇಲೂ ಒಂದು ಪ್ರತಿ ಇರಲಿ.

ನಮ್ಮ ಸಿರುಗುಪ್ಪ ಸೀಮೆಯ ನಿಟ್ಟೂರು, ಉದೇಗೊಳಂಗಳಲ್ಲಿ ಅಶೋಕನ ಶಾಸನಗಳಿವೆ. ಇಪ್ಪತ್ತೆರಡು ಶತಮಾನ ಮಳೆ–ಬಿಸಿಲು ತಿಂದರೂ ಬಂಡೆಯ ಮೇಲೆ ಅಕ್ಷರ ಉಳಿದಿದೆ. ಆದರೆ ಆ ಬ್ರಾಹ್ಮಿ ಲಿಪಿ ಓದುವುದು ಹೇಗೆಂಬುದು ದೇಶಕ್ಕೇ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದರ ಕೀಲಿ ಕಂಡುಹಿಡಿಯಬೇಕಾಯಿತು. ಬರಹ ಉಳಿಯುವುದು ಬೇರೆ, ಓದಲು ಬರುವುದು ಬೇರೆ. ಬ್ರಾಹ್ಮಿಯ ಕೀಲಿ ಕಳೆಯಲು ಶತಮಾನಗಳು ಹಿಡಿದವು. ಮೋಕದ ಸಿ.ಡಿ.ಗೆ ಇಪ್ಪತ್ತೇ ವರ್ಷ ಸಾಕಾಯಿತು.

ವಾಪಸು ಬಂದ ಮೇಲೆ ಅಣ್ಣ ಆ ಮೊಮ್ಮಗನನ್ನು ಕರೆಸಿದರು. ತಾತನ ಕಡತ ಹೋಯಿತೆಂದು ಹೇಳಲು ಅವರಿಗೆ ನಾಲ್ಕು ದಿನ ಧೈರ್ಯ ಸಾಲಲಿಲ್ಲ. ಆದರೆ ಉಳಿದ 35 ಕಡತಗಳಲ್ಲಿ ತಾತನ ಹೆಸರನ್ನು ಹುಡುಕಿದಾಗ ಆರು ಕಡೆ ಸಿಕ್ಕಿತು. ಬೇರೆಯವರು ಅವರ ಬಗ್ಗೆ ಆಡಿದ ಮಾತುಗಳು. ಆ ಆರು ಪುಟಗಳನ್ನು ಅಚ್ಚು ತೆಗೆದು, ಪಿನ್ನು ಹೊಡೆದು, ಹುಡುಗನ ಕೈಗೆ ಕೊಟ್ಟರು. ಆತ ಮೋಕದ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಹೊರಡುವ ಮುಂಚೆ, ಮನೆಯಲ್ಲಿ ಅಜ್ಜಿ ಇನ್ನೂ ಇದ್ದಾಳೆ, ಒಂದು ಭಾನುವಾರ ಬರ್ರಿ ಎಂದ. ಅಣ್ಣ ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ವಾರದ ಭಾನುವಾರಕ್ಕೆ ಗುರುತು ಹಾಕಿದರು.